ಕ್ಯಾಟಲಿಟಿಕ್ ಸೌದೆ ಸ್ಟೌ ಬಿಸಿ ಕೊಡುತ್ತಿಲ್ಲವೇ? ಕಂಬಸ್ಟರ್ ಬದಲಿಸುವ ಮುನ್ನ ನೋಡಬೇಕಾದ್ದು

ವರ್ಮಾಂಟ್, ಮಿಷಿಗನ್, ಒಂಟಾರಿಯೊ ಕಡೆ ಹಳೆಯ ಮನೆ ಕೊಂಡವರಿಗೆ ಮನೆಯ ಜೊತೆಗೇ ಒಂದು ಕ್ಯಾಟಲಿಟಿಕ್ ಸ್ಟೌ ಸಿಗುವುದುಂಟು. ಮೊದಲ ಚಳಿಗಾಲದಲ್ಲೇ ದೂರು ಶುರುವಾಗುತ್ತದೆ: ಗಾಜು ಕಪ್ಪಾಗುತ್ತದೆ, ಬಾಗಿಲು ತೆಗೆದರೆ ಹೊಗೆ ಕೋಣೆಗೆ ನುಗ್ಗುತ್ತದೆ, ಎಷ್ಟು ಸೌದೆ ತುಂಬಿದರೂ ಮನೆ ಬೆಚ್ಚಗಾಗುವುದಿಲ್ಲ. ‘ಕಂಬಸ್ಟರ್ (ಹೊಗೆಯನ್ನೇ ಉರಿಸುವ ಒಳಗಿನ ಬಿಲ್ಲೆ) ಹೋಗಿದೆ’ ಎಂದು ಯಾರೋ ಹೇಳುತ್ತಾರೆ. ನೂರಾರು ಡಾಲರ್ ಸುರಿದು ಹೊಸದು ಹಾಕಿದರೂ ಅದೇ ಹೊಗೆ, ಅದೇ ಚಳಿ. ಕಂಬಸ್ಟರ್ ಕೆಡುವುದಕ್ಕಿಂತ ಅದಕ್ಕೆ ಕೆಲಸ ಮಾಡಲು ಬೇಕಾದ ಬಿಸಿಯೇ ಸಿಗದಿರುವುದು ಹೆಚ್ಚು. ಹಾಗಾಗಿ ಹುಡುಕುವ ಕ್ರಮ ಹೀಗಿರಲಿ: ಮೊದಲು ಸೌದೆ, ಆಮೇಲೆ ಉರಿಸುವ ರೀತಿ, ಚಿಮಣಿಯ ಸೆಳೆತ, ಗ್ಯಾಸ್ಕೆಟ್‌ಗಳು (ಸಂದು ಮುಚ್ಚುವ ಪಟ್ಟಿಗಳು). ಕಂಬಸ್ಟರ್ ಕಟ್ಟಕಡೆಗೆ.

ಕಂಬಸ್ಟರ್ ಏನು ಮಾಡುತ್ತದೆ

ಕಾದ ಸೌದೆಯ ಶಕ್ತಿಯಲ್ಲಿ ದೊಡ್ಡ ಪಾಲು ಹೊಗೆಯಾಗಿಯೇ ಹೊರಬರುತ್ತದೆ. ಆ ಹೊಗೆ ತಾನಾಗಿ ಹೊತ್ತಿಕೊಳ್ಳಲು ಸುಮಾರು 1,100 ಡಿಗ್ರಿ ಫ್ಯಾರನ್‌ಹೀಟ್ (600 ಸೆಲ್ಸಿಯಸ್ ಆಸುಪಾಸು) ಬೇಕು. ಪಲ್ಲೇಡಿಯಂ ಅಥವಾ ಪ್ಲಾಟಿನಂ ಲೇಪಿಸಿದ, ಜೇನುಹುಟ್ಟಿನಂಥ ಬಿಲ್ಲೆಯೊಳಗೆ ಹಾದುಹೋದರೆ ಅದೇ ಹೊಗೆ 500 ಡಿಗ್ರಿ (260 ಸೆ.) ಸುಮಾರಿಗೇ ಉರಿಯತೊಡಗುತ್ತದೆ. ಒಮ್ಮೆ ಹೊತ್ತಿಕೊಂಡರೆ ತನ್ನ ಬಿಸಿಯಲ್ಲೇ ತಾನು ನಿಲ್ಲುತ್ತದೆ. ಕಂಬಸ್ಟರನ್ನು ಬಳಸಿಹೋಗುವ ದಾರಿಯ ಮುಚ್ಚಳಕ್ಕೆ ಬೈಪಾಸ್ ಎನ್ನುತ್ತಾರೆ. ಅದು ತೆರೆದಿದ್ದಾಗ ಹೊಗೆ ನೇರವಾಗಿ ಚಿಮಣಿಗೆ ಹೋಗುತ್ತದೆ, ಮುಚ್ಚಿದಾಗ ಕಂಬಸ್ಟರಿನ ಮೂಲಕ ಹೋಗಬೇಕು. ಇಲ್ಲಿ ಉಷ್ಣತೆಯ ಎಲ್ಲ ಸಂಖ್ಯೆಗಳೂ ಫ್ಯಾರನ್‌ಹೀಟಿನಲ್ಲೇ ಇವೆ, ಏಕೆಂದರೆ ಸ್ಟೌ ಮೇಲಿನ ಡಯಲ್ ತೋರಿಸುವುದೂ ಅದನ್ನೇ.

ನಿಜಕ್ಕೂ ತೊಂದರೆ ಇದೆಯೇ?

ಬೈಪಾಸ್ ಮುಚ್ಚಿದ ಅರ್ಧ ಗಂಟೆಯ ನಂತರ ಹೊರಗೆ ಹೋಗಿ ಚಿಮಣಿಯ ತುದಿ ನೋಡಿ. ಏನೂ ಕಾಣದಿದ್ದರೆ, ಅಥವಾ ಬಿಳಿ ಹಬೆ ಸ್ವಲ್ಪ ದೂರದಲ್ಲೇ ಕರಗಿಹೋದರೆ, ಕಂಬಸ್ಟರ್ ಕೆಲಸ ಮಾಡುತ್ತಿದೆ. ನೀಲಿ ಛಾಯೆಯ ಬೂದು ಹೊಗೆ ಗಾಳಿಯಲ್ಲಿ ತೇಲುತ್ತ ಬಹುದೂರ ಹೋದರೆ ಮಾಡುತ್ತಿಲ್ಲ. ಈ ಒಂದು ಪರೀಕ್ಷೆಗೆ ಖರ್ಚಿಲ್ಲ, ಸುಳ್ಳೂ ಹೇಳುವುದಿಲ್ಲ.

ಕಂಬಸ್ಟರ್ ಕೆಂಪಗೆ ಹೊಳೆಯುತ್ತಿಲ್ಲ ಎಂಬುದು ದೋಷದ ಗುರುತಲ್ಲ. ಹೊಸ ಸೌದೆ ತುಂಬಿದ ಮೊದಲ ಗಂಟೆಗಳಲ್ಲಿ, ಹೊಗೆ ಹೆಚ್ಚಿರುವಾಗ ಹೊಳೆಯಬಹುದು. ಆಮೇಲೆ ಹೊಳಪಿಲ್ಲದೆಯೇ ಕೆಲಸ ನಡೆಯುತ್ತದೆ. ಗಾಳಿ ಕಡಿಮೆ ಮಾಡಿ ನಿಧಾನವಾಗಿ ಉರಿಸಿದಾಗ ಗಾಜು ಕಪ್ಪಾಗುವುದೂ ಸಹಜವೇ.

ಇನ್ನು ‘ಬಿಸಿ ಸಾಲದು’ ಎನ್ನುವವರು ಸ್ವಲ್ಪ ಲೆಕ್ಕ ಹಾಕಬೇಕು. ಒಣಗಿದ 20 ಕೆಜಿ ಸೌದೆಯಲ್ಲಿ ಸುಮಾರು 300 ಮೆಗಾಜೂಲ್ ಶಕ್ತಿ ಇರುತ್ತದೆ. ಸ್ಟೌ ಅದರ ಮುಕ್ಕಾಲು ಪಾಲನ್ನು ಮನೆಗೆ ಕೊಟ್ಟರೆ 225. ಅದನ್ನು 20 ಗಂಟೆಗೆ ಹಂಚಿದರೆ ಸಿಗುವುದು 3 ಕಿಲೋವಾಟ್ ಮಾತ್ರ, ಅಂದರೆ ಎರಡು ಸಾಮಾನ್ಯ ರೂಂ ಹೀಟರ್‌ಗಳಷ್ಟು. ಎಂಟು ಗಂಟೆಯಲ್ಲಿ ಉರಿಸಿದರೆ ಸುಮಾರು 8 ಕಿಲೋವಾಟ್. ಜಾಹೀರಾತಿನಲ್ಲಿ ಅತಿ ದೀರ್ಘ ಉರಿಯನ್ನೂ ಅತಿ ಹೆಚ್ಚು ಬಿಸಿಯನ್ನೂ ಒಟ್ಟಿಗೇ ಹೇಳುತ್ತಾರೆ. ಒಂದೇ ತುಂಬುವಿಕೆಯಲ್ಲಿ ಎರಡೂ ಸಿಗುವುದಿಲ್ಲ. ಹೊರಗೆ ಮೈನಸ್ ಇಪ್ಪತ್ತು ಇರುವ ರಾತ್ರಿ ಗಾಳಿ ನಿಯಂತ್ರಿಸುವ ಥರ್ಮೋಸ್ಟಾಟನ್ನು ಕನಿಷ್ಠಕ್ಕಿಟ್ಟು ಸ್ಟೌ ಮೇಲೆ ಸಿಟ್ಟಾದರೆ ಪ್ರಯೋಜನವಿಲ್ಲ. ಬ್ಲೋವರ್ ಇದ್ದರೆ ಅದರ ಫ್ಯಾನಿನ ರೆಕ್ಕೆಗಳನ್ನೂ ಒಮ್ಮೆ ನೋಡಿ, ಧೂಳು ಕಟ್ಟಿದ್ದರೆ ಸ್ಟೌವಿನ ಬಿಸಿ ಕೋಣೆಗೆ ಸರಿಯಾಗಿ ಬರುವುದಿಲ್ಲ.

ಸೌದೆ: ಹತ್ತರಲ್ಲಿ ಏಳೆಂಟು ಸಲ ಇಲ್ಲೇ ತಪ್ಪು

ಊರಿನ ಬಚ್ಚಲೊಲೆ ಅರೆಹಸಿ ಸೌದೆಯನ್ನೂ ಹೇಗೋ ಉರಿಸಿಕೊಳ್ಳುತ್ತದೆ. ಈ ಸ್ಟೌ ಹಾಗಲ್ಲ, ತೇವ ಶೇ 20ಕ್ಕಿಂತ ಕಡಿಮೆ ಇರಲೇಬೇಕು. ಮಾರುವವರು ‘ಸೀಸನ್ಡ್’ (ಒಣಗಿಸಿದ್ದು) ಎಂದದ್ದನ್ನು ನಂಬಬೇಡಿ. ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಕೊಳ್ಳಿ, ಬಳಸುವ ಕ್ರಮ ಹೀಗೆ:

1. ರಾಶಿಯ ಬೇರೆಬೇರೆ ಕಡೆಯಿಂದ ಮೂರ್ನಾಲ್ಕು ದಪ್ಪ ತುಂಡು ಆರಿಸಿ, ಒಂದು ದಿನ ಮನೆಯೊಳಗಿಡಿ. ಹೆಪ್ಪುಗಟ್ಟಿದ ಸೌದೆಯ ಮೇಲೆ ಮೀಟರ್ ತಪ್ಪು ತೋರಿಸುತ್ತದೆ.
2. ಕೊಡಲಿಯಿಂದ ಹೊಸದಾಗಿ ಸೀಳಿ.
3. ಸೀಳಿದ ಒಳಮುಖದ ನಡುವೆ, ಎಳೆ ಸಾಗುವ ದಿಕ್ಕಿಗೇ ಮುಳ್ಳುಗಳು ಬರುವಂತೆ ಒತ್ತಿ. ಹೊರಮೈ ಅಥವಾ ತುದಿಯ ಅಳತೆಗೆ ಬೆಲೆಯಿಲ್ಲ.

ಓಕ್ ಸೀಳಿ ಒಟ್ಟಿದ ಮೇಲೂ ಎರಡು ಬೇಸಿಗೆ, ಎಷ್ಟೋ ಸಲ ಮೂರು, ಒಣಗಲು ಬೇಕು. ಆ್ಯಶ್, ಬರ್ಚ್, ಮೃದು ಮೇಪಲ್ ಒಳ್ಳೆಯ ಬಿಸಿಲು ಗಾಳಿ ಸಿಕ್ಕರೆ ಒಂದು ವರ್ಷಕ್ಕೆ ಸಿದ್ಧ. ರಾಶಿಯ ಮೇಲ್ಭಾಗ ಮಾತ್ರ ಮುಚ್ಚಿ, ಪಕ್ಕಗಳು ತೆರೆದಿರಲಿ. ಸುತ್ತಲೂ ಟಾರ್ಪಾಲಿನ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ.

ಹಸಿ ಸೌದೆಯ ನೀರನ್ನು ಆವಿ ಮಾಡಲು ಖರ್ಚಾಗುವ ಶಕ್ತಿ ಅಂಥ ದೊಡ್ಡದೇನಲ್ಲ. ತೂಕದಲ್ಲಿ ಮೂರನೇ ಒಂದು ಭಾಗ ನೀರೇ ಇದ್ದರೂ ಸೌದೆಯ ಒಟ್ಟು ಶಕ್ತಿಯ ಹತ್ತನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ನಿಜವಾದ ನಷ್ಟ ಬೇರೆ. ಆವಿ ಬೆಂಕಿಯನ್ನು ತಣ್ಣಗಾಗಿಸುತ್ತದೆ, ಕಂಬಸ್ಟರ್ 500 ಡಿಗ್ರಿ ಮುಟ್ಟುವುದೇ ಇಲ್ಲ, ಹೊಗೆಯಲ್ಲಿದ್ದ ಶಕ್ತಿಯೆಲ್ಲ ಚಿಮಣಿಯಲ್ಲಿ ಹೋಗಿ ಕ್ರಿಯೋಸೋಟ್ ಎಂಬ ಟಾರಿನಂಥ ಮಸಿಯಾಗಿ ಅಂಟುತ್ತದೆ.

ಅನುಮಾನ ಬಗೆಹರಿಸಲು ಸುಲಭದ ದಾರಿ ಇದೆ. ಅಂಗಡಿಯಲ್ಲಿ ಸಿಗುವ ಕಿಲ್ನ್‌ನಲ್ಲಿ (ಬಿಸಿಗೂಡಿನಲ್ಲಿ) ಒಣಗಿಸಿದ ಸೌದೆಯ ಕಟ್ಟುಗಳನ್ನು ತಂದು ಎರಡು ಸಲ ಅದನ್ನೇ ಉರಿಸಿ. ಸ್ಟೌ ಸರಿಹೋಯಿತೇ? ಹಾಗಾದರೆ ಮುಂದೆ ಓದುವ ಅಗತ್ಯವಿಲ್ಲ, ಈ ವರ್ಷದ ರಾಶಿಯನ್ನು ಮುಂದಿನ ವರ್ಷಕ್ಕಿಟ್ಟು ಒಣ ಸೌದೆ ಹುಡುಕಿ. ಒತ್ತಿದ ಮರದ ಹೊಟ್ಟಿನ ಇಟ್ಟಿಗೆಗಳೂ ಆಗುತ್ತವೆ, ಆದರೆ ಅವು ಬಲು ಬಿಸಿ, ಸ್ಟೌ ತುಂಬ ತುಂಬಬೇಡಿ. ಮೇಣ ಬೆರೆಸಿದ ಫೈರ್‌ಲಾಗ್ ಮಾತ್ರ ಬೇಡವೇ ಬೇಡ.

ಉರಿಸುವ ರೀತಿ

ಸಾಮಾನ್ಯ ತಪ್ಪು ಅವಸರ. ತಣ್ಣನೆಯ ಸ್ಟೌ ಹೊತ್ತಿಸಿದ ಮೇಲೆ ಬೈಪಾಸ್ ತೆರೆದು, ಗಾಳಿ ಪೂರ್ತಿ ಬಿಟ್ಟು, ಕಂಬಸ್ಟರ್ ಪ್ರೋಬ್ (ಅದರ ಬಿಸಿ ತೋರಿಸುವ ಥರ್ಮಾಮೀಟರ್) 500 ದಾಟುವವರೆಗೆ ಚೆನ್ನಾಗಿ ಉರಿಯಲು ಬಿಡಿ. ಇದಕ್ಕೆ 20ರಿಂದ 40 ನಿಮಿಷ ಹಿಡಿಯಬಹುದು. ಬೈಪಾಸ್ ಮುಚ್ಚಿದ ಮೇಲೂ 15-20 ನಿಮಿಷ ಗಾಳಿ ಹಾಗೇ ಇರಲಿ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಸಿ. ಬೈಪಾಸ್ ಮುಚ್ಚಿದ ಕೂಡಲೇ ಗಾಳಿಯನ್ನೂ ಮುಚ್ಚಿದರೆ ಕಂಬಸ್ಟರ್ ಅರ್ಧದಲ್ಲೇ ತಣ್ಣಗಾಗುತ್ತದೆ. ಬ್ಲೋವರನ್ನೂ ಈ ಹೊತ್ತಿನಲ್ಲಿ ಹಾಕಬೇಡಿ.

ಕೆಂಡದ ಮೇಲೆ ಮತ್ತೆ ಸೌದೆ ಹಾಕುವಾಗ: ಮೊದಲು ಬೈಪಾಸ್ ತೆರೆಯಿರಿ, ಗಾಳಿ ಬಿಡಿ, ಒಂದೆರಡು ನಿಮಿಷ ಕಾಯಿರಿ, ಬಾಗಿಲನ್ನು ಅರ್ಧ ಇಂಚು ತೆರೆದು ಮತ್ತೆ ಸ್ವಲ್ಪ ಕಾದು ಪೂರ್ತಿ ತೆರೆಯಿರಿ. ಹೊಸ ಸೌದೆ ಹಾಕಿದ ಮೇಲೆ ಅದರ ಮೈಯ ತೇವ ಹೋಗುವವರೆಗೆ, ಹತ್ತು ನಿಮಿಷವಾದರೂ, ಬೈಪಾಸ್ ತೆರೆದೇ ಇರಲಿ. ಕಾದ ಸೆರಾಮಿಕ್ ಕಂಬಸ್ಟರ್ ಮೇಲೆ ತಣ್ಣನೆಯ ಆವಿ ಹಾಯಿಸಿದರೆ ಅದು ಬಿರುಕು ಬಿಡುತ್ತದೆ. ಬೈಪಾಸ್ ಮುಚ್ಚಿಟ್ಟೇ ಬಾಗಿಲು ತೆರೆದು ‘ಹೊಗೆ ಬರುತ್ತದೆ’ ಎಂದು ಸ್ಟೌವನ್ನು ಬೈಯುವವರೂ ಕಡಿಮೆಯಿಲ್ಲ.

ಪ್ರೋಬನ್ನೇ ಅನುಮಾನಿಸುವುದನ್ನು ಮರೆಯಬೇಡಿ. ಸುರುಳಿ ಪಟ್ಟಿಯ ಡಯಲ್‌ಗಳು ವರ್ಷ ಕಳೆದಂತೆ ಜಾರುತ್ತವೆ. ಸ್ಟೌ ತಣ್ಣಗಿರುವಾಗ ಕಿತ್ತು, ಅಂಕಿಗಳಿರುವ ಡಯಲ್ ಆದರೆ ಕುದಿಯುವ ನೀರಿನಲ್ಲಿ ಅದ್ದಿ: 212ರ ಹತ್ತಿರ ನಿಲ್ಲಬೇಕು. ಐವತ್ತು ನೂರು ಡಿಗ್ರಿ ಆಚೀಚೆ ಇದ್ದರೆ ನೀವು ಇಷ್ಟು ದಿನ ತಪ್ಪು ಹೊತ್ತಿಗೆ ಬೈಪಾಸ್ ಮುಚ್ಚುತ್ತಿದ್ದಿರಿ. ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಮತ್ತು ಡಿಜಿಟಲ್ ಮೀಟರ್ ಹಾಕಿದರೆ ಈ ತಲೆನೋವು ತಪ್ಪುತ್ತದೆ.

ಚಿಮಣಿಯ ಸೆಳೆತ

ನಿನ್ನೆಮೊನ್ನೆವರೆಗೆ ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಕೆಟ್ಟಿದ್ದರೆ ಮೊದಲು ಚಿಮಣಿಯ ಟೋಪಿ ನೋಡಿ. ಅದರ ಸುತ್ತಲಿನ ಜಾಲರಿಗೆ ಕ್ರಿಯೋಸೋಟ್ ಕಟ್ಟಿಕೊಂಡು ಮುಚ್ಚಿಹೋಗಿರುತ್ತದೆ. ನೆಲದಿಂದಲೇ ಬೈನಾಕ್ಯುಲರಿನಲ್ಲಿ ಕಾಣುತ್ತದೆ, ಹಿಮದ ಸೂರು ಹತ್ತಬೇಕಾಗಿಲ್ಲ. ಕ್ಯಾಟಲಿಟಿಕ್ ಸ್ಟೌವಿನ ಹೊಗೆ ತಣ್ಣಗಿರುವುದರಿಂದ ಕೊಳವೆಯ ತುದಿಯಲ್ಲೇ ಹೆಚ್ಚು ಕಟ್ಟುತ್ತದೆ. ಕೊಳವೆಯೊಳಗೆ ಕಾಲಿಂಚು ಕಟ್ಟಿದ್ದರೆ ಸ್ಟೌ ಉರಿಸುವುದು ನಿಲ್ಲಿಸಿ, ಚಿಮಣಿ ಸ್ವಚ್ಛ ಮಾಡುವವರನ್ನು ಕರೆಸಿ. ಅದು ಚಿಮಣಿ ಬೆಂಕಿಗೆ ಸಾಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆ ಕೋಣೆಯಲ್ಲೂ ಮಲಗುವ ಕೋಣೆಯ ಬಳಿಯೂ ಇರಲೇಬೇಕು.

ಮೊದಲ ದಿನದಿಂದಲೇ ಸೆಳೆತ ಸಾಲದಿದ್ದರೆ ಕೊಳವೆಯ ಎತ್ತರ ಅಳೆಯಿರಿ. ಬಹಳಷ್ಟು ಕೈಪಿಡಿಗಳು ಕನಿಷ್ಠ 15 ಅಡಿ ಕೇಳುತ್ತವೆ. ಅದೂ ನೇರ ಕೊಳವೆಗೆ. 90 ಡಿಗ್ರಿಯ ಪ್ರತಿ ತಿರುವಿಗೂ ಇನ್ನಷ್ಟು ಅಡಿ ಸೇರಿಸಬೇಕು, ಎತ್ತರದ ಊರುಗಳಲ್ಲಿ ಮತ್ತೂ. ಗೋಡೆಯ ಹೊರಗೆ ನಿಂತ ಇಟ್ಟಿಗೆಯ ಚಿಮಣಿಯೊಳಗೆ ಸ್ಟೇನ್‌ಲೆಸ್ ಲೈನರ್ ಇಳಿಸದೆ ಬಿಟ್ಟಿದ್ದರೆ ಅದು ಬಿಸಿಯಾಗುವುದೇ ಕಷ್ಟ. ಒತ್ತಡ ಅಳೆಯುವ ಮ್ಯಾನೋಮೀಟರ್ ಇದ್ದವರು ಉರಿ ಜೋರಾಗಿರುವಾಗ ಅಳೆಯಲಿ: 0.05 ಇಂಚು ನೀರು, ಅಂದರೆ 12 ಪ್ಯಾಸ್ಕಲ್ ಸುತ್ತಮುತ್ತ ಇದ್ದರೆ ಸರಿ.

ನಮ್ಮವರ ಮನೆಗಳಲ್ಲಿ ಇನ್ನೊಂದು ವಿಶೇಷ ಕಾರಣ: ಅಡುಗೆಮನೆಯ ಹುಡ್. ಒಗ್ಗರಣೆಯ ಘಾಟು ತಡೆಯಲೆಂದು ದೊಡ್ಡ ಫ್ಯಾನಿನ ಹುಡ್ ಹಾಕಿಸಿರುತ್ತೇವೆ. ಬಿಗಿಯಾಗಿ ಕಟ್ಟಿದ ಮನೆಯಲ್ಲಿ ಅದು ಹೊರಗೆ ನೂಕಿದಷ್ಟೂ ಗಾಳಿ ಎಲ್ಲಿಂದಾದರೂ ಒಳಬರಬೇಕಲ್ಲ, ಅತ್ಯಂತ ಸುಲಭದ ದಾರಿ ಚಿಮಣಿಯೇ. ಸ್ಟೌ ಇರುವ ಕೋಣೆಯ ಕಿಟಕಿಯನ್ನು ಒಂದು ಇಂಚು ತೆರೆಯಿರಿ. ಉರಿ ಕೂಡಲೇ ಚುರುಕಾದರೆ ದೋಷ ಮನೆಯೊಳಗಿನ ಒತ್ತಡದ್ದು. ಹುಡ್, ಬಟ್ಟೆ ಒಣಗಿಸುವ ಡ್ರೈಯರ್, ಬಾತ್‌ರೂಂ ಫ್ಯಾನ್ ನಿಲ್ಲಿಸಿ ಮತ್ತೊಮ್ಮೆ ನೋಡಿ. ಶಾಶ್ವತ ಪರಿಹಾರ ಬೇಕಿದ್ದರೆ ಸ್ಟೌಗೆ ಹೊರಗಿನ ಗಾಳಿಯ ಕೊಳವೆ, ಹುಡ್‌ಗೆ ಅದರದೇ ಮೇಕಪ್ ಏರ್ (ಹೊರಹೋದ ಗಾಳಿಯ ಬದಲು ಒಳತರುವ ಗಾಳಿ).

ಗ್ಯಾಸ್ಕೆಟ್‌ಗಳು

ಬಾಗಿಲಿನ ಗ್ಯಾಸ್ಕೆಟ್ ಸೋರಿದರೆ ಲಕ್ಷಣ ತಿರುವುಮುರುವು: ಬಿಸಿ ಅತಿಯಾಗುತ್ತದೆ, ಗಾಳಿ ಮುಚ್ಚಿದರೂ ಜ್ವಾಲೆ ಇಳಿಯುವುದಿಲ್ಲ, ಸೌದೆ ಬೇಗ ಮುಗಿಯುತ್ತದೆ. ತಣ್ಣನೆಯ ಸ್ಟೌವಿನ ಬಾಗಿಲಿಗೆ ಒಂದು ಡಾಲರ್ ನೋಟು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸುತ್ತಲೂ ಹತ್ತು ಕಡೆ ಹೀಗೆ ನೋಡಿ. ಸಡಿಲವಾಗಿ ಜಾರಿಬಂದ ಕಡೆ ಮೊದಲು ಚಿಲಕ ಬಿಗಿ ಮಾಡಿ, ಆಗದಿದ್ದರೆ ಗ್ಯಾಸ್ಕೆಟ್ ಬದಲಿಸಿ. ಕೈಪಿಡಿ ಹೇಳಿದ ದಪ್ಪದ್ದೇ ಆಗಬೇಕು. ಕೂರಿಸುವಾಗ ಎಳೆದರೆ ತೆಳುವಾಗುತ್ತದೆ.

ಬೈಪಾಸ್ ಗ್ಯಾಸ್ಕೆಟ್ಟಿನದು ಹೆಚ್ಚು ಮೋಸದ ದೋಷ. ಹೊಗೆಯ ಒಂದು ಪಾಲು ಕಂಬಸ್ಟರನ್ನು ತಪ್ಪಿಸಿಕೊಂಡು ನೇರ ಚಿಮಣಿಗೆ ಹೋಗುತ್ತದೆ. ಪ್ರೋಬ್ ಕಡಿಮೆ, ಕೊಳವೆಯ ಥರ್ಮಾಮೀಟರ್ ಹೆಚ್ಚು, ಹೊರಗೆ ಹೊಗೆ; ಈ ಮೂರೂ ಸೇರಿದರೆ ಇಲ್ಲೇ ನೋಡಿ. ಅಂಚಿನಲ್ಲಿ ಕೂತ ಬೂದಿ, ಕ್ರಿಯೋಸೋಟ್ ಹೆರೆದರೆ ಎಷ್ಟೋ ಸಲ ಸರಿಹೋಗುತ್ತದೆ. ತಗಡೇ ಸೊಟ್ಟಗಾಗಿದ್ದರೆ ಬದಲಿಸಬೇಕು.

ಕೊನೆಗೆ ಕಂಬಸ್ಟರ್

ಸ್ಟೌ ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಬಿಟ್ಟು ನೋಡಿ. ತೂತುಗಳಲ್ಲಿ ಬೂದಿ ತುಂಬಿದ್ದರೆ ಮೃದು ಬ್ರಷ್ ಆಡಿಸಿ, ವ್ಯಾಕ್ಯೂಮಿನ ಮೂತಿ ಹತ್ತಿರ ಹಿಡಿದು ಎಳೆದುಕೊಳ್ಳಿ. ಚೂಪಾದದ್ದರಲ್ಲಿ ಕೆದಕಬೇಡಿ, ಲೇಪ ಕಿತ್ತುಹೋಗುತ್ತದೆ. ಕಾಗದ, ರಟ್ಟು ಹೆಚ್ಚು ಸುಡುವ ಮನೆಗಳಲ್ಲಿ ಬೂದಿ ಬೇಗ ಕಟ್ಟುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್, ಪ್ರೆಷರ್-ಟ್ರೀಟೆಡ್ ಹಲಗೆ, ಬಣ್ಣದ ಪತ್ರಿಕೆ, ಕಡಲತೀರದ ಉಪ್ಪು ಮರ, ಕಲ್ಲಿದ್ದಲು ಸುಟ್ಟರೆ ಲೇಪವೇ ಮಂಕಾಗುತ್ತದೆ. ಸೆರಾಮಿಕ್‌ನಲ್ಲಿ ಕೂದಲೆಳೆಯ ಬಿರುಕು ಇದ್ದರೂ ತುಂಡುಗಳು ಜಾಗದಲ್ಲೇ ಕೂತಿದ್ದರೆ ಚಿಂತೆಯಿಲ್ಲ. ಪುಡಿ ಉದುರುತ್ತಿದ್ದರೆ ಆಯುಸ್ಸು ಮುಗಿದಿದೆ.

ಬೂದಿ ತೆಗೆದರೂ ಹೊತ್ತದಿದ್ದರೆ ವಿನೆಗರ್ ಚಿಕಿತ್ಸೆ ಮಾಡಬಹುದು, ತಯಾರಕರ ಕೈಪಿಡಿ ಒಪ್ಪಿದರೆ ಮಾತ್ರ. ಅಡುಗೆಗೆ ಮತ್ತೆ ಬಳಸದ ಸ್ಟೀಲ್ ಪಾತ್ರೆಯಲ್ಲಿ ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಹಾಕಿ, ಕಂಬಸ್ಟರ್ ಮುಳುಗಿಸಿ ಅರ್ಧ ಗಂಟೆ ಸಣ್ಣಗೆ ಕುದಿಸಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಹದಿನೈದು ನಿಮಿಷದಂತೆ ಎರಡು ಸಲ. 300 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಒಣಗಿಸಿ. ಕಿಟಕಿ ತೆರೆದಿರಲಿ.

ಕಂಬಸ್ಟರಿನ ಆಯುಸ್ಸನ್ನು ವರ್ಷದಲ್ಲಿ ಎಣಿಸುವುದು ತಪ್ಪು, ಗಂಟೆಯಲ್ಲಿ ಎಣಿಸಬೇಕು. ಸಾಮಾನ್ಯವಾಗಿ ಹೇಳುವ 12,000 ಗಂಟೆಯನ್ನೇ ಹಿಡಿಯಿರಿ. ಹಗಲೂ ರಾತ್ರಿ ಆರು ತಿಂಗಳು ಉರಿಸುವ ಮನೆಯಲ್ಲಿ ವರ್ಷಕ್ಕೆ 4,300 ಗಂಟೆ ದಾಟುತ್ತದೆ, ಮೂರು ಚಳಿಗಾಲಕ್ಕೆ ಮುಗಿಯಿತು. ಸಂಜೆ ಎಂಟು ಗಂಟೆಯಂತೆ 150 ದಿನ ಉರಿಸುವವರಿಗೆ ಅದೇ ಹತ್ತು ವರ್ಷ ಬರುತ್ತದೆ. ಮುಪ್ಪಾದದ್ದು ಒಮ್ಮೆಗೇ ಸಾಯುವುದಿಲ್ಲ: 500ಕ್ಕೆ ಹೊತ್ತುತ್ತಿದ್ದದ್ದು 700 ಕೇಳುತ್ತದೆ, ಕಡಿಮೆ ಉರಿಯಲ್ಲಿ ನಿಲ್ಲುವುದಿಲ್ಲ, ಸೌದೆ ಖರ್ಚು ಏರುತ್ತದೆ.

ಬದಲಿಸುವಾಗ ಸುತ್ತಲಿನ ಗ್ಯಾಸ್ಕೆಟ್ ಪಟ್ಟಿಯೂ ಹೊಸದೇ ಆಗಬೇಕು. ಅದು ಮೊದಲ ಬಿಸಿಯಲ್ಲಿ ಉಬ್ಬಿ ಸಂದು ಮುಚ್ಚುತ್ತದೆ, ಹಳೆಯದು ಮತ್ತೆ ಉಬ್ಬುವುದಿಲ್ಲ. ಪಟ್ಟಿಯನ್ನು ಮಾಸ್ಕಿಂಗ್ ಟೇಪಿನಿಂದ ಹಿಡಿಸಿ ಹಾಗೇ ತಳ್ಳಿ, ಟೇಪ್ ಸುಟ್ಟುಹೋಗುತ್ತದೆ. ಜ್ವಾಲೆ ನೇರ ತಾಗದಂತೆ ತಡೆಯುವ ತಗಡನ್ನು ಮರಳಿ ಹಾಕಿ. ಹೊಸ ಕಂಬಸ್ಟರ್ ಮೊದಲ ಕೆಲವು ಉರಿಗಳಲ್ಲಿ ಅತಿ ಚುರುಕಾಗಿರುತ್ತದೆ, ಪ್ರೋಬ್ 1,500 ಮುಟ್ಟಬಹುದು. ಆಗ ಗಾಬರಿಯಾಗಿ ಗಾಳಿಯನ್ನು ಒಮ್ಮೆಲೇ ಮುಚ್ಚಿದರೆ ಒಳಗೆ ಹೊಗೆ ಹೆಚ್ಚಿ ಅದು ಇನ್ನೂ ಬಿಸಿಯಾಗುತ್ತದೆ. ಮೊದಲ ವಾರ ಅರ್ಧ ತುಂಬಿಸಿ, ಗಾಳಿಯನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಿ.