ಎಲ್5 ಜಾರಿದೆ ಎಂದು ರಿಪೋರ್ಟ್ ಬಂದರೆ ಏನು ಮಾಡಬೇಕು

ಎಕ್ಸ್‌ರೇ ರಿಪೋರ್ಟಿನಲ್ಲಿ ‘ಸ್ಪಾಂಡೈಲೋಲಿಸ್ಥೆಸಿಸ್, ಗ್ರೇಡ್ 1’ (ಬೆನ್ನುಮೂಳೆಯ ಮಣಿ ಮುಂದಕ್ಕೆ ಜಾರಿದೆ, ಅದೂ ಸ್ವಲ್ಪವೇ) ಎಂದಿದ್ದರೆ ಆಪರೇಷನ್ನೇ ಗತಿ ಎಂದು ಹೆದರಬೇಡಿ. ಎಲ್5 ಎಂದರೆ ಸೊಂಟದ ಐದು ಮಣಿಮೂಳೆಗಳಲ್ಲಿ ಕೊನೆಯದು. ಅದರ ಹಿಂಬದಿಯಲ್ಲಿ, ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು ಸಪೂರ ಮೂಳೆಯಿದೆ. ವೇಗದ ಬೌಲರ್‌ಗಳು, ಜಿಮ್ನಾಸ್ಟ್‌ಗಳ ಹಾಗೆ ಎಳೆವಯಸ್ಸಿನಲ್ಲಿ ಸೊಂಟವನ್ನು ಪದೇ ಪದೇ ಹಿಂದಕ್ಕೆ ಬಾಗಿಸಿ ತಿರುಚಿದರೆ ಅದು ಬಿರುಕು ಬಿಡುತ್ತದೆ. ಎರಡೂ ಬದಿ ಬಿರುಕಾದರೆ ಹಿಡಿತ ತಪ್ಪಿ ಮಣಿ ಮುಂದಕ್ಕೆ ಜಾರಬಹುದು. ಕೆಳಗಿನ ಮೂಳೆಯ ಅಗಲದ ಶೇ. 25ರೊಳಗಿನ ಜಾರಿಕೆ ಗ್ರೇಡ್ 1, ಶೇ. 50ರವರೆಗೆ ಗ್ರೇಡ್ 2.

ನೂರು ಜನರಲ್ಲಿ ಐದಾರು ಮಂದಿಗೆ ಈ ಬಿರುಕು ಇದ್ದೇ ಇರುತ್ತದೆ, ಹೆಚ್ಚಿನವರಿಗೆ ನೋವಿಲ್ಲ. ಆದ್ದರಿಂದ ನಿಮ್ಮ ನೋವು ಅದರದ್ದೇ ಹೌದೇ ಎಂದು ಮೊದಲು ನೋಡಿ. ನಿಂತಾಗ, ಹಿಂದಕ್ಕೆ ಬಾಗಿದಾಗ ಹೆಚ್ಚುವ, ಕುಳಿತರೆ ತಗ್ಗುವ ನೋವು ಇದರ ಕಡೆಗೆ ಬೆರಳು ಮಾಡುತ್ತದೆ. ಮುಂದಕ್ಕೆ ಬಗ್ಗಿದಾಗ, ಸೀನಿದಾಗ ಕಾಲಿಗೆ ಸೆಳೆದರೆ ಡಿಸ್ಕಿನ ತೊಂದರೆ ಇರುವ ಸಾಧ್ಯತೆ ಹೆಚ್ಚು.

ಆಟವಾಡುವ ಮಕ್ಕಳಿಗೆ ಮೂರು ವಾರ ಮೀರಿ ಸೊಂಟ ನೋವಿದ್ದರೆ ಎಂಆರ್‌ಐ ಬೇಕಾಗಬಹುದು. ಹೊಸ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗುತ್ತದೆ. ಬಿರುಕು ಖಚಿತವಾದರೆ ಸುಮಾರು ಮೂರು ತಿಂಗಳು ಬೌಲಿಂಗ್ ಪೂರ್ತಿ ಬಂದ್, ನಡೆದಾಡಬಹುದು. ನೋವು ತಿಂಗಳಲ್ಲೇ ಹೋಗಬಹುದು, ಮೂಳೆ ಅಷ್ಟು ಬೇಗ ಕೂಡುವುದಿಲ್ಲ. ಅವಸರಕ್ಕೆ ಮೈದಾನಕ್ಕಿಳಿದವರಿಗೇ ನೋವು ಮರಳುವುದು.

ವ್ಯಾಯಾಮವೇ ಮುಖ್ಯ ಮದ್ದು. ಅಂಗಾತ ಮಲಗಿ ಮೊಣಕಾಲು ಮಡಚಿ. ಸೊಂಟದ ಮುಂಭಾಗದ ಉಬ್ಬುಮೂಳೆಯಿಂದ ಎರಡು ಬೆರಳು ಒಳಗೆ ಕೈಯಿಡಿ. ಉಸಿರು ಬಿಡುತ್ತಾ ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆಯಿರಿ. ಬೆರಳಡಿ ಸ್ನಾಯು ಬಿಗಿಯಾಗಬೇಕು. ಹೊಟ್ಟೆ ಉಬ್ಬಿ ಬೆರಳನ್ನು ಮೇಲಕ್ಕೆ ತಳ್ಳಿದರೆ ತಪ್ಪಾಗುತ್ತಿದೆ ಎಂದರ್ಥ. ಉಸಿರಾಡುತ್ತಲೇ 10 ಸೆಕೆಂಡ್ ಹಿಡಿಯಿರಿ, ದಿನಕ್ಕೆರಡು ಸಲ ಹತ್ತತ್ತು ಬಾರಿ. ತೊಡೆಯ ಹಿಂದಿನ ಸ್ನಾಯುವನ್ನೂ 30 ಸೆಕೆಂಡ್‌ನಂತೆ ಮೂರು ಸಲ ಎಳೆದು ಸಡಿಲಿಸಿ.

ಸೊಂಟನೋವು ಎಂದೊಡನೆ ಭುಜಂಗಾಸನ, ಧನುರಾಸನ ಹೇಳಿಕೊಡುವ ರೂಢಿ ನಮ್ಮಲ್ಲಿದೆ. ಈ ತೊಂದರೆಗೆ ಅವು ಬೇಡವೇ ಬೇಡ. ಬಿರುಕಿನ ಮೇಲೆಯೇ ಭಾರ ಬೀಳುತ್ತದೆ. ಬೆಲ್ಟನ್ನು ಕೆಲವೇ ವಾರ ಕಟ್ಟಿ, ವರ್ಷಗಟ್ಟಲೆ ಅಲ್ಲ.

ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ನೋವು ತಗ್ಗದಿದ್ದರೆ, ಪಾದದ ಬಲ ಕುಂದುತ್ತಿದ್ದರೆ, ಜಾರಿಕೆ ಶೇ. 50 ದಾಟಿದ್ದರೆ ಆಪರೇಷನ್ ಬಗ್ಗೆ ಸ್ಪೈನ್ ಸರ್ಜನ್ ಜೊತೆ ಮಾತಾಡಿ. ಮೂತ್ರ ಕಟ್ಟಿದರೆ, ಗುದದ ಸುತ್ತ ಜೋಮು ಹಿಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಜಾರಿಕೆಯಿರುವ ಮಕ್ಕಳಿಗೆ ಬೆಳವಣಿಗೆ ಮುಗಿಯುವವರೆಗೆ ವೈದ್ಯರು ಹೇಳಿದ ಅಂತರದಲ್ಲಿ ಎಕ್ಸ್‌ರೇ ತೆಗೆಸುತ್ತಿರಿ. ಪಕ್ಕದಿಂದ, ನಿಲ್ಲಿಸಿಯೇ ತೆಗೆಯಲಿ. ಮಲಗಿಸಿ ತೆಗೆದರೆ ಜಾರಿಕೆ ಕಡಿಮೆ ಕಾಣಬಹುದು.