ಗಿರವಿ ಅಂಗಡಿಯಲ್ಲಿ ಹಳೇ ರೈಫಲ್ ಕೊಳ್ಳುವ ಮುನ್ನ: ಮೊದಲು ನಳಿಗೆಯೊಳಗೆ ನೋಡಿ

ನಮ್ಮ ಕಡೆ ಗಿರವಿ ಅಂದರೆ ಚಿನ್ನ. ಬಳೆ, ಸರ, ಕಿವಿಯ ಓಲೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಮೊದಲ ಸಲ ಗಿರವಿ ಅಂಗಡಿಗೆ ಹೋದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಗಿಟಾರ್, ಡ್ರಿಲ್ಲಿಂಗ್ ಮಷೀನ್, ಮದುವೆ ಉಂಗುರ ಎಲ್ಲ ಇದ್ದವು. ಅವುಗಳ ಹಿಂದಿನ ಗೋಡೆಗೆ ಸಾಲಾಗಿ ಇಪ್ಪತ್ತು ಮೂವತ್ತು ರೈಫಲ್‌ಗಳು!

ಕೊಡಗಿನಲ್ಲಿ ಬೆಳೆದವನಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗೆ ತೋಕ್ ಪೂ ಇಟ್ಟು ಪೂಜೆ ಮಾಡುವುದನ್ನು ನೋಡಿಯೇ ಬೆಳೆದೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ಆದರೆ ಮನೆಯ ಕೋವಿ ಯಾರ ಕೈಯಲ್ಲಿತ್ತು, ಯಾರು ಎಣ್ಣೆ ಹಾಕಿದರು ಎಂಬುದೆಲ್ಲ ಮನೆಯವರಿಗೆ ಗೊತ್ತಿರುತ್ತದೆ. ಗಿರವಿ ಅಂಗಡಿಯ ರೈಫಲ್ ಹಾಗಲ್ಲ. ಅದರ ಕತೆ ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಅದನ್ನು ನಾವೇ ಓದಿಕೊಳ್ಳಬೇಕು. ಅಮೆರಿಕದಲ್ಲಿ ನೆಲೆಸಿ, ಜಿಂಕೆ ಬೇಟೆಗೋ ಗುರಿ ಅಭ್ಯಾಸಕ್ಕೋ ಒಂದು ಹಳೇ ರೈಫಲ್ ಬೇಕು ಅನ್ನುವ ನಮ್ಮವರು ಈಗ ಜಾಸ್ತಿಯಾಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಿಮಗೆ ಕೊಳ್ಳುವ ಹಕ್ಕಿದೆಯೇ?

ಅಂಗಡಿಗೆ ಹೋಗುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಾಗಲಿ, ಇಟ್ಟುಕೊಳ್ಳುವುದಾಗಲಿ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನಿಷಿದ್ಧ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ಒಂದು ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು ಅದರಲ್ಲಿ ಒಂದು. ಆದರೂ ವೀಸಾದಲ್ಲಿ ಇರುವವರು ವಕೀಲರನ್ನು ಕೇಳದೆ ಮುಂದುವರಿಯಬೇಡಿ ಎಂದೇ ನಾನು ಹೇಳುತ್ತೇನೆ. ಇಲ್ಲಿ ತಪ್ಪಿದರೆ ಜೈಲು ಆಗಬಹುದು, ದೇಶದಿಂದಲೇ ಹೊರಗೆ ಹಾಕಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಲೈಸೆನ್ಸ್ ಇರುವ ಅಂಗಡಿಯಿಂದ ರೈಫಲ್ ಕೊಳ್ಳಲು ಕೇಂದ್ರ ಕಾನೂನಿನಲ್ಲಿ 18 ವರ್ಷ ಆಗಿದ್ದರೆ ಸಾಕು. ಕೆಲವು ರಾಜ್ಯಗಳು ಇದಕ್ಕಿಂತ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 21 ಆಗಿರಬೇಕು. ನಿಮ್ಮ ರಾಜ್ಯದ ನಿಯಮವನ್ನು ಬೇರೆಯಾಗಿ ನೋಡಿಕೊಳ್ಳಿ. ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿಯಲ್ಲಿ ಈಗಿನ ಮನೆಯ ವಿಳಾಸವೇ ಇರಬೇಕು, ಇಲ್ಲವೇ ಆ ವಿಳಾಸ ತೋರಿಸುವ ಇನ್ನೊಂದು ಸರ್ಕಾರಿ ದಾಖಲೆ ಜೊತೆಗಿರಬೇಕು. ಮನೆ ಬದಲಿಸಿ, ಎರಡೂ ಇಲ್ಲದೆ ಹೋದವರು ಬರಿಗೈಯಲ್ಲಿ ವಾಪಸ್ ಬರುತ್ತಾರೆ.

ಅಲ್ಲಿಗೆ ರೈಫಲ್ ಬಂದದ್ದು ಹೇಗೆ?

ಕೈಯಲ್ಲಿ ಕಾಸಿಲ್ಲದವರು ರೈಫಲ್ ಒತ್ತೆ ಇಟ್ಟು ಸಾಲ ತೆಗೆದುಕೊಳ್ಳುತ್ತಾರೆ. ಗಡುವಿನೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಅಂಗಡಿಯವರದಾಗುತ್ತದೆ, ಮಾರಾಟಕ್ಕೆ ಬರುತ್ತದೆ. ಬಂದೂಕು ಒತ್ತೆ ಇಟ್ಟುಕೊಳ್ಳುವ ಅಂಗಡಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಗಿರವಿಯವರಿಗೆಂದೇ ಇರುವ ಲೈಸೆನ್ಸಿಗೆ ಟೈಪ್ 02 ಎಂದು ಹೆಸರು. ತಾನೇ ಇಟ್ಟ ರೈಫಲನ್ನು ಬಿಡಿಸಿಕೊಳ್ಳಲು ಬಂದವನೂ ಹೊಸದಾಗಿ ಅರ್ಜಿ ತುಂಬಿ, ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಬೇಕು.

ಅಂಗಡಿಯವರು ಚಿನ್ನದ ವಿಷಯದಲ್ಲಿ ನಿಪುಣರಿರಬಹುದು. ಬಂದೂಕಿನ ವಿಷಯದಲ್ಲಿ ಎಲ್ಲರೂ ಹಾಗಿರುವುದಿಲ್ಲ. ಒಳ್ಳೆಯ ರೈಫಲ್ ಕಡಿಮೆಗೆ ಸಿಗುವುದೂ ಇದರಿಂದಲೇ, ಕೆಟ್ಟದ್ದು ಜಾಸ್ತಿ ಬೆಲೆಗೆ ಕುಳಿತಿರುವುದೂ ಇದರಿಂದಲೇ. ಬೇಟೆಯ ಕಾಲ ಶುರುವಾಗುವ ಮೊದಲು ಎಲ್ಲರೂ ಹುಡುಕುತ್ತಿರುತ್ತಾರೆ. ಕಾಲ ಮುಗಿದ ಮೇಲೆ ಹೋದರೆ ಚೌಕಾಸಿಗೆ ಜಾಗ ಇರುತ್ತದೆ.

ಕೈಗೆ ತೆಗೆದುಕೊಂಡ ಕೂಡಲೇ

ಒಂದು ಚಿಕ್ಕ ಟಾರ್ಚ್, ಬಿಳಿ ಕಾಗದದ ತುಂಡು, ಸ್ವಲ್ಪ ಹತ್ತಿ ಬಟ್ಟೆ ಜೇಬಿನಲ್ಲಿರಲಿ. ರೈಫಲನ್ನು ಅಂಗಡಿಯವರೇ ತೆಗೆದು ಕೊಡಲಿ. ಅವರು "ಖಾಲಿ ಇದೆ" ಎಂದರೂ ನೀವೇ ನೋಡಬೇಕು. ನಳಿಗೆ ಯಾರ ಕಡೆಗೂ ತಿರುಗಬಾರದು, ಬೆರಳು ಟ್ರಿಗರ್‌ನಿಂದ ದೂರ ಇರಬೇಕು. ತೋಟೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ತೆರೆಯಿರಿ. ತೋಟೆ ಕೂರುವ ಜಾಗವನ್ನು ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಲಿವರ್ ಎಳೆಯುವ ರೈಫಲ್ ಆದರೆ ಸಾಮಾನ್ಯವಾಗಿ ನಳಿಗೆಯ ಕೆಳಗೆ ತೋಟೆ ತುಂಬುವ ಕೊಳವೆ ಇರುತ್ತದೆ. ಮೇಲೆ ಖಾಲಿ ಕಂಡರೂ ಆ ಕೊಳವೆಯೊಳಗೆ ಒಂದು ತೋಟೆ ಉಳಿದಿರಬಹುದು. ಅದನ್ನೂ ಬಿಡದೆ ನೋಡಿ.

ನಳಿಗೆ, ನಳಿಗೆ, ನಳಿಗೆ

ನಾನು ಕೊಂಡ ಮೊದಲ ರೈಫಲ್ .30-30 ತೋಟೆಯ ಲಿವರ್ ರೈಫಲ್. ಅದರ ಮರದ ಕೆಲಸ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹತ್ತೇ ನಿಮಿಷದಲ್ಲಿ ಮನಸ್ಸು ಮಾಡಿಬಿಟ್ಟೆ. ಮನೆಗೆ ತಂದು ಒರೆಸಿ, ಬೆಳಕು ಹಿಡಿದು ನೋಡಿದರೆ ನಳಿಗೆಯ ನಡುವೆ ಒಂದು ಕಪ್ಪು ಉಂಗುರ. ಹೊರಗಿನಿಂದ ಬೆರಳಾಡಿಸಿದರೆ ಅಲ್ಲೇ ಸಣ್ಣ ಉಬ್ಬು ಸಿಕ್ಕಿತು. ಹಿಂದೆ ಯಾವಾಗಲೋ ನಳಿಗೆಯಲ್ಲಿ ಏನೋ ಸಿಕ್ಕಿಕೊಂಡಿದ್ದಾಗ ಗುಂಡು ಹಾರಿಸಿದ್ದಾರೆ. ಮಣ್ಣೋ, ಒರೆಸುವ ಬಟ್ಟೆಯೋ, ಅರ್ಧದಲ್ಲಿ ನಿಂತ ಇನ್ನೊಂದು ಗುಂಡೋ, ಯಾರಿಗೆ ಗೊತ್ತು? ಬಂದೂಕು ರಿಪೇರಿಯವರು ನೋಡಿ, ನಳಿಗೆಯನ್ನೇ ಬದಲಿಸದೆ ದಾರಿ ಇಲ್ಲ ಎಂದರು. ರಸೀದಿಯಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿತ್ತು: ಇದ್ದ ಹಾಗೆಯೇ ಮಾರಾಟ, ವಾಪಸ್ ಇಲ್ಲ.

ಅಂದಿನಿಂದ ನಾನು ಮರವನ್ನು ಕೊನೆಗೆ ನೋಡುತ್ತೇನೆ. ನೀವೂ ಹಾಗೇ ಮಾಡಿ. ಬೋಲ್ಟ್ ರೈಫಲ್ ಆದರೆ ಕೆಲಸ ಸುಲಭ. ಅಂಗಡಿಯವರನ್ನು ಕೇಳಿ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಿರಿ, ಹಿಂದಿನಿಂದ ಬೆಳಕಿನ ಕಡೆಗೆ ನೋಡಿ. ಒಳಗಿನ ಸುರುಳಿ ಗೆರೆಗಳು ತುದಿಯವರೆಗೂ ಚೂಪಾಗಿ, ಸ್ಪಷ್ಟವಾಗಿ ಕಾಣಬೇಕು. ವಿಂಚೆಸ್ಟರ್ 94, ಮಾರ್ಲಿನ್ 336, ರೂಗರ್ 10/22 ಥರದವುಗಳಲ್ಲಿ ಬಿಚ್ಚದೆ ಹಿಂದಿನಿಂದ ನೋಡಲು ಆಗುವುದಿಲ್ಲ. ಖಾಲಿ ಎಂದು ಎರಡು ಸಲ ಖಚಿತ ಮಾಡಿಕೊಂಡು, ಬೋಲ್ಟ್ ತೆರೆದಿಟ್ಟು, ತೋಟೆ ಕೂರುವ ಕಡೆ ಬಿಳಿ ಕಾಗದ ಇಟ್ಟು ಅದರ ಮೇಲೆ ಟಾರ್ಚ್ ಬಿಡಿ. ಆಮೇಲೆ ಮುಂದಿನ ತುದಿಯಿಂದ ನೋಡಿ.

ಕಪ್ಪಾಗಿ ಕಂಡರೆ ಗಾಬರಿ ಬೇಡ. ಅದು ಸುಮ್ನೆ ಮಸಿ ಇರಬಹುದು. ಹತ್ತಿ ಬಟ್ಟೆ ಎಳೆದು ನೋಡಲು ಬಿಡುತ್ತೀರಾ ಎಂದು ಕೇಳಿ. ಒರೆಸಿದ ಮೇಲೂ ಚುಕ್ಕಿ ಚುಕ್ಕಿಯಾಗಿ ಗುಂಡಿಗಳು ಕಂಡರೆ ಅದು ತುಕ್ಕು ತಿಂದ ಜಾಗ. ಅದು ಹೋಗುವುದಿಲ್ಲ. ತಾಮ್ರದ ಬಣ್ಣದ ಗೆರೆ ಇದ್ದರೆ ಗುಂಡಿನ ಮೇಲಿನ ತಾಮ್ರ ಅಂಟಿದ್ದು, ಅದನ್ನು ತೊಳೆಯಬಹುದು. ಕಪ್ಪು ಉಂಗುರ ಕಂಡರೆ ಮಾತ್ರ ರೈಫಲನ್ನು ಕೆಳಗಿಟ್ಟು ಬನ್ನಿ. ನಳಿಗೆಯ ತುದಿಯ ಅಂಚನ್ನೂ ನೋಡಿ. ಗುಂಡು ಕೊನೆಗೆ ಮುಟ್ಟಿ ಹೋಗುವುದು ಅದನ್ನೇ. ಅಲ್ಲಿ ಒಂದು ಜಜ್ಜು ಇದ್ದರೂ ಗುರಿ ತಪ್ಪುತ್ತದೆ.

ನಳಿಗೆಯನ್ನು ಯಾರಾದರೂ ಕತ್ತರಿಸಿದ್ದಾರೆಯೇ? ರೈಫಲಿನ ನಳಿಗೆ 16 ಇಂಚಿಗಿಂತ ಕಡಿಮೆ ಇದ್ದರೆ, ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇದ್ದರೆ, 1934ರ ಕಾನೂನಿನಂತೆ ಅದಕ್ಕೆ ಬೇರೆಯೇ ನೋಂದಣಿ ಬೇಕು. ತುದಿಯಲ್ಲಿ ಗರಗಸದ ಗುರುತು ಕಂಡರೆ ಬಿಟ್ಟುಬಿಡಿ.

ಉಳಿದ ಅಂಗಗಳು

ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಗೊತ್ತಿಲ್ಲದವರು ಯಾರೋ ಬಿಚ್ಚಿ ಕೈಯಾಡಿಸಿದ್ದಾರೆ ಎಂದು ತಿಳಿಯಿರಿ. ಹಿಡಿದುಕೊಳ್ಳುವ ಸಪೂರ ಜಾಗದಲ್ಲಿ, ಮರ ಕಬ್ಬಿಣವನ್ನು ಮುಟ್ಟುವ ಕಡೆ, ಕೂದಲೆಳೆಯಷ್ಟು ಬಿರುಕು ಇರುವುದುಂಟು. ಅಲ್ಲಿ ಟಾರ್ಚ್ ಹಿಡಿಯಿರಿ.

ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನು ಪರೀಕ್ಷಿಸಲು ಒಪ್ಪಿಗೆ ಕೇಳಿ. ಖಾಲಿ ರೈಫಲಿನಲ್ಲಿ ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಬೆರಳು ತೆಗೆಯಿರಿ, ಈಗ ಸೇಫ್ಟಿ ಬಿಡಿಸಿ. ಟ್ರಿಗರ್ ಮುಟ್ಟದೆಯೇ ಒಳಗೆ ಟಕ್ ಎಂದು ಬಡಿದರೆ ಆ ರೈಫಲ್ ಅಪಾಯ. ಖಾಲಿ ಇಟ್ಟು ಟ್ರಿಗರ್ ಎಳೆಯುವುದು ಎಲ್ಲ ಬಂದೂಕಿಗೂ ಒಗ್ಗುವುದಿಲ್ಲ. ಹಳೇ .22 ರೈಫಲ್‌ಗಳಲ್ಲಿ ಹಾಗೆ ಮಾಡಿದರೆ ಸೂಜಿ ಬಡಿದು ನಳಿಗೆಯ ಅಂಚು ಕೆಡಬಹುದು.

ರೆಮಿಂಗ್ಟನ್ 700 ಗಿರವಿ ಅಂಗಡಿಗಳಲ್ಲಿ ತುಂಬ ಸಿಗುತ್ತದೆ. 1962ರಿಂದ ಬಂದ ಒಳ್ಳೆಯ ಬೇಟೆ ರೈಫಲ್ ಅದು. ಆದರೆ 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ಎಕ್ಸ್-ಮಾರ್ಕ್ ಪ್ರೊ ಎಂಬ ಟ್ರಿಗರ್ ಇದ್ದ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ಕಂಪನಿಯೇ 2014ರಲ್ಲಿ ವಾಪಸ್ ಕರೆಸಿತ್ತು. ಟ್ರಿಗರ್ ಎಳೆಯದೆಯೇ ಗುಂಡು ಹಾರಬಹುದು ಎಂಬುದು ಕಾರಣ. ಹಾಗಾಗಿ ಟ್ರಿಗರ್ ಬದಲಾಗಿದೆಯೇ ಎಂದು ರಿಪೇರಿಯವರಿಂದ ತಿಳಿಯದೆ ಅದಕ್ಕೆ ತೋಟೆ ತುಂಬಬೇಡಿ.

ಮೊದಲ ಮಹಾಯುದ್ಧದ ಕಾಲದ ಸ್ಪ್ರಿಂಗ್‌ಫೀಲ್ಡ್ 1903 ಕಣ್ಣಿಗೆ ಬಿದ್ದರೆ ಅದರ ಮೇಲೆ ಕೆತ್ತಿದ ಸರಣಿ ನಂಬರ್ ಓದಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ ಕೆಳಗಿನವು, ರಾಕ್ ಐಲೆಂಡ್ ಕಾರ್ಖಾನೆಯದಾದರೆ 2,85,507ಕ್ಕಿಂತ ಕೆಳಗಿನವು ಅಪಾಯದವು. ಆಗ ಉಕ್ಕನ್ನು ಕಾಯಿಸುವುದರಲ್ಲಿ ಹದ ತಪ್ಪಿತ್ತು. ಅವುಗಳಲ್ಲಿ ಕೆಲವು ಒಡೆದದ್ದೂ ಉಂಟು. ಗೋಡೆಗೆ ತೂಗುಹಾಕಲು ಚೆಂದ, ಹಾರಿಸಲು ಬೇಡ.

ನಳಿಗೆಯ ಮೇಲೆ ಯಾವ ತೋಟೆ ಎಂದು ಕೆತ್ತಿದೆಯೋ ಅದನ್ನು ಫೋಟೊ ತೆಗೆದುಕೊಳ್ಳಿ. ಅಂಗಡಿಯ ಚೀಟಿಯನ್ನು ನಂಬಬೇಡಿ. .300 ಬ್ಲ್ಯಾಕ್‌ಔಟ್ ತೋಟೆಯನ್ನು .223 ರೈಫಲಿಗೆ ಹಾಕಿ ರೈಫಲ್ ಸಿಡಿದ ಘಟನೆಗಳಾಗಿವೆ. ನೋಡಲು ಎರಡೂ ಹತ್ತಿರ ಹತ್ತಿರ ಒಂದೇ ಗಾತ್ರ, ಅಷ್ಟೇ.

ನಂಬರ್ ಇಲ್ಲದಿದ್ದರೆ?

ನಂಬರನ್ನು ಅರದಿಂದ ಉಜ್ಜಿ ಅಳಿಸಿದ್ದರೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಆದರೆ ನಂಬರೇ ಇಲ್ಲದ ಹಳೇ .22 ರೈಫಲ್ ಕಂಡರೆ ತಕ್ಷಣ ಅನುಮಾನ ಬೇಡ. ಎಲ್ಲ ಬಂದೂಕಿಗೂ ನಂಬರ್ ಕಡ್ಡಾಯವಾದದ್ದು 1968ರ ಕಾನೂನಿನಿಂದ. ಅದಕ್ಕೆ ಮೊದಲು ಅಗ್ಗದ ಎಷ್ಟೋ ರೈಫಲ್‌ಗಳು ನಂಬರ್ ಇಲ್ಲದೆಯೇ ಬಂದಿವೆ.

ತುಂಬ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಅಂಗಡಿಯಲ್ಲಿ ನಡೆಯುವ ತಪಾಸಣೆ ಕೊಳ್ಳುವ ವ್ಯಕ್ತಿಯದು. ರೈಫಲ್ ಕಳವಿನದೇ ಎಂದು ಅದು ನೋಡುವುದಿಲ್ಲ. ಹೆಚ್ಚಿನ ಕಡೆ ಗಿರವಿ ಅಂಗಡಿಗಳು ತಮಗೆ ಬಂದ ಮಾಲಿನ ವಿವರವನ್ನು ಪೊಲೀಸರಿಗೆ ಕೊಡಬೇಕು, ಅದು ಒಂದು ಸಮಾಧಾನ. ಆದರೂ ಅನುಮಾನ ಬಂದರೆ ಸ್ಥಳೀಯ ಪೊಲೀಸರಿಗೆ ನಂಬರ್ ಕೊಟ್ಟು ವಿಚಾರಿಸಿ.

ಬೆಲೆ ಮತ್ತು ಅರ್ಜಿ

ಅದೇ ಮಾಡೆಲ್ ಈಚೆಗೆ ಎಷ್ಟಕ್ಕೆ ಮಾರಾಟವಾಗಿದೆ ಎಂದು ಬಂದೂಕು ಹರಾಜಿನ ವೆಬ್‌ಸೈಟ್ ಆದ ಗನ್‌ಬ್ರೋಕರ್‌ನಲ್ಲಿ ಮುಗಿದ ಹರಾಜುಗಳನ್ನು ನೋಡಿಕೊಂಡು ಹೋಗಿ. ಕೇಳಿದ ಬೆಲೆಯಲ್ಲ, ಮಾರಿಹೋದ ಬೆಲೆ. ದುರ್ಬೀನು ಕೂರಿಸಿದ್ದಾರೆ ಎಂದು ಬೆಲೆ ಏರಿಸಿದ್ದರೆ, ಆ ದುರ್ಬೀನು ಯಾವುದು ಎಂದು ನೋಡಿ. ತುಂಬ ಸಲ ಅದು ಅಗ್ಗದ್ದೇ. ನೀವು ಕಂಡ ಕುಂದುಗಳನ್ನು ಮರ್ಯಾದೆಯಿಂದ ತೋರಿಸಿ, ನಿಮ್ಮ ಬೆಲೆ ಹೇಳಿ, ಸುಮ್ಮನಿರಿ.

ಆಮೇಲೆ 4473 ನಂಬರಿನ ಅರ್ಜಿ. ನಿಧಾನವಾಗಿ ಓದಿ ತುಂಬಿ. ನಿಜವಾಗಿ ಕೊಳ್ಳುವವರು ನೀವೇನಾ ಎಂಬ ಪ್ರಶ್ನೆ ಇರುತ್ತದೆ. ವೀಸಾದಲ್ಲಿರುವ ಗೆಳೆಯ ದುಡ್ಡು ಕೊಟ್ಟು "ಅಣ್ಣಾ, ನಿಮ್ಮ ಹೆಸರಲ್ಲಿ ತೆಗೆದುಕೊಡಿ" ಎಂದರೆ ಒಪ್ಪಬೇಡಿ. 2022ರ ಕಾನೂನಿನ ಪ್ರಕಾರ ಇದಕ್ಕೆ 15 ವರ್ಷದವರೆಗೆ ಜೈಲು. ಗಾಂಜಾದ ಪ್ರಶ್ನೆಯೂ ಇದೆ. ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧವಾದರೂ ಕೇಂದ್ರ ಕಾನೂನು ಬೇರೆ ಎಂದು ಅರ್ಜಿಯಲ್ಲೇ ಎಚ್ಚರಿಸಿದ್ದಾರೆ.

ಅರ್ಜಿ ತುಂಬಿದ ಮೇಲೆ ತಪಾಸಣೆ ನಡೆಯುತ್ತದೆ. 1998ರ ನವೆಂಬರ್‌ನಿಂದ ಎಫ್‌ಬಿಐ ನಡೆಸುತ್ತಿರುವ ವ್ಯವಸ್ಥೆ ಇದು. ಸಾಮಾನ್ಯವಾಗಿ ಕೆಲವೇ ನಿಮಿಷ ಸಾಕು. ಮುಂದುವರಿಸಿ, ತಡ, ನಿರಾಕರಣೆ, ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ. ನಮ್ಮ ಹೆಸರಿನಂಥ ಹೆಸರು ಇನ್ನೊಬ್ಬರಿಗೆ ಇದ್ದರೂ ತಡ ಆಗಬಹುದು, ಅದಕ್ಕೆ ಬೇಸರ ಬೇಡ. ರಾಜ್ಯಗಳಲ್ಲಿ ಇದರ ಮೇಲೆ ಬೇರೆ ಕಾಯುವ ಅವಧಿಯೂ ಇರಬಹುದು.

ಮನೆಗೆ ತಂದ ಮೇಲೆ

ಮೊದಲ ಗುಂಡು ಹಾರಿಸುವ ಮುಂಚೆ ಬಂದೂಕು ರಿಪೇರಿಯವರ ಹತ್ತಿರ ಒಯ್ಯಿರಿ. ತೋಟೆ ಕೂತಾಗ ಬೋಲ್ಟಿಗೂ ಅದಕ್ಕೂ ನಡುವಿನ ಸಂದು ಸರಿಯಿದೆಯೇ ಎಂದು ಅವರು ಅಳತೆಯ ಕಡ್ಡಿ ಹಾಕಿ ನೋಡುತ್ತಾರೆ. ಆ ಸಂದು ಜಾಸ್ತಿಯಾಗಿದ್ದರೆ ತೋಟೆಯ ಹಿತ್ತಾಳೆ ಹರಿದು ಬಿಸಿ ಗಾಳಿ ಮುಖಕ್ಕೇ ಬರಬಹುದು. ಕಣ್ಣಿಂದ ನೋಡಿ ಇದನ್ನು ಹೇಳಲು ಆಗುವುದಿಲ್ಲ. ಈ ಖರ್ಚನ್ನು ರೈಫಲಿನ ಬೆಲೆಯೊಳಗೇ ಸೇರಿಸಿ ಚೌಕಾಸಿ ಮಾಡಿ.

ಬೀಗ ಕೂಡಲೇ ಬೇಕು. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಎಂಬ ಕಾರ್ಯಕ್ರಮದಡಿ ಅನೇಕ ಊರುಗಳ ಪೊಲೀಸ್ ಠಾಣೆಗಳಲ್ಲಿ ತಂತಿ ಬೀಗವನ್ನು ಪುಕ್ಕಟೆ ಕೊಡುತ್ತಾರೆ, ಕೇಳಿ ತನ್ನಿ. ರೈಫಲ್ ಒಂದು ಕಡೆ, ತೋಟೆಗಳು ಬೀಗ ಹಾಕಿದ ಇನ್ನೊಂದು ಕಡೆ. ಮನೆಯಲ್ಲಿ ಮಕ್ಕಳಿದ್ದರೆ ಕಬ್ಬಿಣದ ಕಪಾಟು ಬರುವವರೆಗೆ ರೈಫಲನ್ನೇ ತರಬೇಡಿ ಎಂಬುದು ನನ್ನ ಮಾತು.

ಬೇಟೆಗೆ ಹೋಗುವವರಾದರೆ ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ನಾನು ಅದನ್ನು ರೈಫಲ್ ಕೊಂಡ ಮೇಲೆ ಮಾಡಿದೆ. ನೀವು ಕೊಳ್ಳುವ ಮೊದಲೇ ಮಾಡಿ. ರೈಫಲನ್ನು ತೆರೆದು ಖಾಲಿಯೇ ಎಂದು ನೋಡುವುದು, ನಳಿಗೆ ಓದುವುದು ಅಲ್ಲಿ ಕಲಿತ ಕೈಗೆ ಅಂಗಡಿಯ ಕಟ್ಟೆಯ ಮುಂದೆ ನಡುಕ ಇರುವುದಿಲ್ಲ.