ಟರ್ಬೋ ಕೂರ್ಸೋಕೆ ಎರಡು ತಿಂಗಳು, ಟ್ಯೂನ್ ಮಾಡೋಕೆ ಇಡೀ ಚಳಿಗಾಲ

ಸ್ನೋಮೊಬೈಲ್‌ಗೆ (ಹಿಮದ ಮೇಲೆ ಓಡೋ ಗಾಡಿ) ಟರ್ಬೋ, ಅಂದ್ರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಯಂತ್ರ, ಹಾಕೋದು ದೊಡ್ಡ ಕೆಲಸ ಅಂತ ಎಲ್ರೂ ಹೆದರಿಸ್ತಾರೆ, ನನ್ನ ಕೇಳಿದ್ರೆ ಅದು ಸುಲಭದ ಭಾಗ. ಪೈಪ್ ಕತ್ತರಿಸಿ ವೆಲ್ಡ್ ಮಾಡು, ಆಯಿಲ್ ಲೈನ್ ಎಳಿ, ಟರ್ಬೋಯಿಂದ ಬರೋ ಬಿಸಿ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್‌ಗೆ ಜಾಗ ಹುಡುಕು, ದಿನಾ ಸಂಜೆ ಗ್ಯಾರೇಜಲ್ಲಿ ಕೂತ್ರೆ ಎರಡು ತಿಂಗಳಲ್ಲಿ ಮುಗಿಯುತ್ತೆ. ಆದ್ರೆ ಅದು ಸ್ಟಾರ್ಟ್ ಆದ್ಮೇಲೆ ನೆಟ್ಟಗೆ ಓಡೋ ಹಾಗೆ ಮಾಡೋದಿದ್ಯಲ್ಲ, ಅದು ನನ್ನ ಒಂದು ಇಡೀ ಚಳಿಗಾಲ ತಿಂದು ಹಾಕ್ತು.

ಗಾಡಿ ಯಮಾಹಾ ನೈಟ್ರೋ, ಮೂರು ಸಿಲಿಂಡರ್, ಫೋರ್ ಸ್ಟ್ರೋಕ್, 1049 ಸಿಸಿ. ಟೂ ಸ್ಟ್ರೋಕ್ ಯಾಕೆ ತಗೊಳ್ಳಿಲ್ಲ ಅಂದ್ರೆ, ಟ್ಯೂನ್ ಮಾಡೋಕೆ ನಂಗೆ ಕಣ್ಣು ಅಂತ ಇರೋದು ಎಕ್ಸಾಸ್ಟ್‌ನಲ್ಲಿ ಉಳಿದ ಆಕ್ಸಿಜನ್ ಅಳೆಯೋ ಒಂದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್, ಟೂ ಸ್ಟ್ರೋಕಲ್ಲಿ ಉರಿಯದೇ ಇರೋ ಗಾಳಿ ಪೆಟ್ರೋಲೂ ಎಕ್ಸಾಸ್ಟ್‌ಗೆ ನುಗ್ಗುತ್ತೆ, ಆಯಿಲೂ ಸೆನ್ಸರ್ ಮೇಲೆ ಕೂರುತ್ತೆ, ಅದು ತೋರಿಸೋ ನಂಬರ್‌ನ ನಂಬೋ ಹಾಗಿಲ್ಲ. ಕಂಪನಿಯಿಂದಲೇ ಟರ್ಬೋ ಹಾಕಿ ಬಂದ ಮೊದಲ ಟೂ ಸ್ಟ್ರೋಕ್ ಸ್ನೋಮೊಬೈಲ್ ಸ್ಕೀ-ಡೂ ಸಮ್ಮಿಟ್ 850, ಅದೂ 2020ರ ಮಾಡೆಲ್‌ನಲ್ಲಿ, ಅಷ್ಟು ವರ್ಷ ಹಿಡೀತು ಅಂದ್ರೆ ನೀವೇ ಲೆಕ್ಕ ಹಾಕಿ. ನನ್ನ ಎಂಜಿನ್‌ದು ಕಂಪ್ರೆಶನ್ ಸುಮಾರು 11:1, ಬೂಸ್ಟ್‌ಗೆ (ಟರ್ಬೋ ಕೊಡೋ ಹೆಚ್ಚುವರಿ ಗಾಳಿ ಒತ್ತಡಕ್ಕೆ) ಅದು ಜಾಸ್ತಿಯಾಯ್ತು, ಹಾಗಾಗಿ ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಸ್ವಲ್ಪ ಇಳಿಸಿದೆ. ಕಂಪನಿ ಇಸಿಯುಗೆ (ಎಂಜಿನ್ ನಡೆಸೋ ಕಂಪ್ಯೂಟರ್‌ಗೆ) ಬೂಸ್ಟ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಅದಕ್ಕೆ ಮಧ್ಯದಲ್ಲಿ ಅದರ ಸಿಗ್ನಲ್ ತಿದ್ದೋ ಒಂದು ಪಿಗ್ಗಿಬ್ಯಾಕ್ ಕಂಟ್ರೋಲರ್ ಕೂರಿಸಿ ಪ್ರೆಶರ್ ಸೆನ್ಸರ್ ಕೊಟ್ಟೆ. ಬೂಸ್ಟ್ ಮಿತಿ ಮೀರದ ಹಾಗೆ ತಡೆಯೋ ವೇಸ್ಟ್‌ಗೇಟ್‌ಗೆ ಇದ್ದಿದ್ರಲ್ಲಿ ಮೆತ್ತಗಿನ ಸ್ಪ್ರಿಂಗ್, 0.5 ಬಾರ್.

ಎಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಟರ್ಬೋ ಬಾಯಿಗೆ ಒಂದು ಮುಚ್ಚಳ ಬಿಗಿದು ಕಂಪ್ರೆಸರ್‌ನಿಂದ ಗಾಳಿ ತುಂಬಿ ಎಲ್ಲಾ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ ನೋಡಿದೆ. ಎರಡು ಕಡೆ ನೊರೆ ಬಂತು. ಈ ಹತ್ತು ನಿಮಿಷದ ಕೆಲಸ ಬಿಟ್ಟು ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಕೆರ್ಕೊಳ್ಳೋರು ತುಂಬಾ ಜನ ಇದಾರೆ.

ಇನ್ನೊಂದು ವಿಷ್ಯ, ಇದನ್ನ ಕಾರ್ ತರ ನಿಲ್ಲಿಸ್ಕೊಂಡು ಟ್ಯೂನ್ ಮಾಡೋಕಾಗಲ್ಲ. ರೇಡಿಯೇಟರ್ ಕೆಲಸ ಮಾಡೋದು ಟನಲ್ (ಟ್ರ್ಯಾಕ್ ಮೇಲಿನ ಕವಚ) ಅಡಿ ಇರೋ ಹೀಟ್ ಎಕ್ಸ್‌ಚೇಂಜರ್, ಗಾಡೀನ ಓಡಿಸೋ ರಬ್ಬರ್ ಪಟ್ಟಿ, ಅಂದ್ರೆ ಟ್ರ್ಯಾಕ್, ಎರಚೋ ಹಿಮ ಅದಕ್ಕೆ ತಾಗಿದ್ರೇನೇ ತಂಪು. ಸ್ಟ್ಯಾಂಡ್ ಮೇಲಿಟ್ಟು ಐಡಲ್, ಸ್ವಲ್ಪ ಥ್ರಾಟಲ್, ಅಷ್ಟೇ ನೋಡಬಹುದು, ಆಗಲೂ ಟ್ರ್ಯಾಕ್ ಹಿಂದೆ ಯಾರೂ ನಿಲ್ಲಬಾರದು, ಅದರಲ್ಲಿ ಸಿಕ್ಕಿರೋ ಒಂದು ಐಸ್ ಗಡ್ಡೆ ಹಾರಿದ್ರೂ ಕಲ್ಲು ಹೊಡೆದ ಹಾಗೆ. ಹಾಗಾಗಿ ಟೆಸ್ಟ್ ಎಲ್ಲಾ ಹೆಪ್ಪುಗಟ್ಟಿದ ಕೆರೆ ಮೇಲೆ. ಅಲ್ಲೂ ಬರೀ ಐಸ್ ಇದ್ರೆ ಆಗಲ್ಲ, ಮೇಲೆ ಹಿಮ ಬೇಕು, ಇಲ್ಲಾಂದ್ರೆ ಎಂಜಿನ್ ಬಿಸಿಯಾಗೋದು ಒಂದು ಕಡೆ, ಟ್ರ್ಯಾಕ್ ಜಾರೋ ರೈಲ್ ಕೆಳಗಿನ ಪ್ಲಾಸ್ಟಿಕ್ ಸ್ಲೈಡ್ ಕರಗೋದು ಇನ್ನೊಂದು ಕಡೆ. ಕೊಕ್ಕೆ ತರ ಇರೋ ಐಸ್ ಸ್ಕ್ರ್ಯಾಚರ್ ಹಾಕಿದ್ರೆ ಸ್ವಲ್ಪ ಪುಡಿ ಎದ್ದು ಬಚಾವ್ ಆಗುತ್ತೆ.

ಮೊದಲನೇ ದಿನ ಅರ್ಧ ಥ್ರಾಟಲ್‌ವರೆಗೂ ಚೆನ್ನಾಗೇ ಇತ್ತು. ಫುಲ್ ಕೊಟ್ಟಾಗ ಮೊದಲ ನಾಲ್ಕು ಸೆಕೆಂಡ್ ಏರ್-ಫ್ಯೂಯಲ್ (ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ) 11.8, ಅಂದ್ರೆ ನಂಗೆ ಬೇಕಾಗಿದ್ದೇ, ಐದನೇ ಸೆಕೆಂಡ್‌ನಿಂದ ಮೆಲ್ಲಗೆ ಏರಿ 13.7. ಬೂಸ್ಟಲ್ಲಿ 13.7 ಅಂದ್ರೆ ಪಿಸ್ಟನ್ ಕರಗಿಸೋ ದಾರಿ, ತಕ್ಷಣ ಬಿಟ್ಟೆ. ಆಮೇಲೆ ಮಾಡಿದ್ದೇ ತಪ್ಪು. ಲೀನ್ (ಗಾಳಿಗೆ ಪೆಟ್ರೋಲ್ ಸಾಲ್ದು) ತಾನೇ, ಪೆಟ್ರೋಲ್ ಹಾಕೋಣ ಅಂತ ಮ್ಯಾಪಲ್ಲಿ (ಯಾವ ಆರ್‌ಪಿಎಂ, ಬೂಸ್ಟ್‌ಗೆ ಎಷ್ಟು ಪೆಟ್ರೋಲ್ ಅನ್ನೋ ಪಟ್ಟಿ) ಆ ಜಾಗಕ್ಕೆ 6 ಪರ್ಸೆಂಟ್ ಸೇರಿಸಿದೆ, ಸಾಲ್ದು ಅಂತ ಇನ್ನೂ 6. ಈಗ ಶುರುವಲ್ಲಿ ಕಪ್ಪು ಹೊಗೆ, ಗಾಡಿ ಬಿಕ್ಕೋದು, ಕೊನೇಲಿ ಮತ್ತೆ ಅದೇ ಲೀನ್. ಒಂದೇ ಆರ್‌ಪಿಎಂ, ಒಂದೇ ಬೂಸ್ಟ್, ಮ್ಯಾಪಲ್ಲಿ ಒಂದೇ ಮನೆ, ಆದ್ರೂ ನಾಲ್ಕನೇ ಸೆಕೆಂಡಿಗೆ ಒಂದು ಉತ್ತರ, ಏಳನೇ ಸೆಕೆಂಡಿಗೆ ಇನ್ನೊಂದು. ಅಲ್ಲೇ ಗೊತ್ತಾಗಬೇಕಿತ್ತು ಇದು ಮ್ಯಾಪ್ ತಪ್ಪಲ್ಲ ಅಂತ, ಗೊತ್ತಾಗಲಿಲ್ಲ, ಇನ್ನೂ ಒಂದು ವೀಕೆಂಡ್ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀತಾ ಕೂತಿದ್ದೆ.

ಕೊನೆಗೆ ಫ್ಯೂಯಲ್ ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡೋ ಪೈಪ್) ಒಂದು ಪ್ರೆಶರ್ ಸೆನ್ಸರ್ ಹಾಕಿ ಅದನ್ನೂ ಲಾಗ್ ಮಾಡಿದೆ. ನನ್ನ ರೆಗ್ಯುಲೇಟರ್ ಬೂಸ್ಟ್ ಎಷ್ಟು ಏರುತ್ತೋ ಅಷ್ಟೇ ಪೆಟ್ರೋಲ್ ಪ್ರೆಶರ್ ಏರಿಸೋ ಥರದ್ದು, ಬೇಸ್ 3 ಬಾರ್, 0.5 ಬೂಸ್ಟ್ ಬಂದಾಗ 3.5 ತೋರಿಸಬೇಕು. ತೋರಿಸ್ತಿತ್ತು, ನಾಲ್ಕು ಸೆಕೆಂಡ್, ಆಮೇಲೆ ಇಳೀತಾ ಇಳೀತಾ 2.7. ಇಂಜೆಕ್ಟರ್‌ನ ಎದುರು ಬೂಸ್ಟ್ ಒತ್ತುತ್ತಾ ಇರೋದನ್ನ ಕಳೆದ್ರೆ ಉಳಿಯೋದು 3.0ರ ಬದಲು 2.2, ಇಂಜೆಕ್ಟರ್ ಹರಿವು ಆ ವ್ಯತ್ಯಾಸದ ವರ್ಗಮೂಲದ ಪ್ರಕಾರ ಹೋಗುತ್ತೆ, ಲೆಕ್ಕ ಹಾಕಿದ್ರೆ ಸುಮಾರು ಶೇ. 14 ಪೆಟ್ರೋಲ್ ಖೋತಾ. 11.8ನ್ನ 0.86ರಿಂದ ಭಾಗಿಸಿ ನೋಡಿ, 13.7 ಬರುತ್ತೆ. ಕಾಗದದ ಮೇಲೆ ಆ ನಂಬರ್ ಬಂದಾಗ ಆದ ಖುಷಿ ಗಾಡಿ ಓಡಿಸುವಾಗಲೂ ಆಗಿಲ್ಲ ನಂಗೆ.

ಪಂಪ್ ಹಾಳಾಗಿದೆ ಅಂದ್ಕೊಂಡು ಹೊಸದು ತರೋಕೆ ಹೊರಟಿದ್ದೆ, ಪುಣ್ಯಕ್ಕೆ ಮಲ್ಟಿಮೀಟರ್ ಕೈಲಿತ್ತು. ಬ್ಯಾಟರೀಲಿ 13.8 ವೋಲ್ಟ್, ಪಂಪ್ ಪ್ಲಗ್ ಹತ್ರ ಲೋಡಲ್ಲಿ 10.9. ದೊಡ್ಡ ಪಂಪ್ ಹಾಕಿದ್ದೆ, ವೈರ್ ಮಾತ್ರ ಹಳೇ ಸಣ್ಣ ಪಂಪಿಂದು. ಬ್ಯಾಟರಿಯಿಂದ ನೇರ ದಪ್ಪ ವೈರ್, ಮಧ್ಯ ಒಂದು ರಿಲೇ, ಒಂದು ಫ್ಯೂಸ್, ಅಷ್ಟೇ. ಪ್ರೆಶರ್ 3.5ರಲ್ಲಿ ಕಂಬದ ಹಾಗೆ ನಿಂತ್ಕೊಳ್ತು. ಆಮೇಲೆ ನಾನು ತುಂಬಿದ್ದ ಅಷ್ಟೂ ಪೆಟ್ರೋಲ್ ಮ್ಯಾಪಿಂದ ವಾಪಸ್ ತೆಗೆಯೋದು ಇನ್ನೊಂದು ದಿನ.

ಸ್ಪ್ರಿಂಗ್ ಬದಲಿಸಿ 0.6 ಬಾರ್‌ಗೆ ಹೋದಾಗ ಮತ್ತೆ ಲೀನ್, ಈ ಸಲ ಬೇರೆ ಥರ, ಕಣ್ಣು ಮಿಟುಕಿಸೋ ಅಷ್ಟು ಹೊತ್ತು 15 ತೋರಿಸಿ ವಾಪಸ್. ಈ ಸಲ ಮ್ಯಾಪ್ ಮುಟ್ಟಲಿಲ್ಲ, ಕಿವಿ ಕೊಟ್ಟೆ. ಪಟ್ ಪಟ್ ಅಂತ ಮಿಸ್‌ಫೈರ್. ಸಿಲಿಂಡರಲ್ಲಿ ಒತ್ತಡ ಜಾಸ್ತಿ ಆದಷ್ಟೂ ಕಿಡಿ ಹಾರೋದು ಕಷ್ಟ, ಉರಿಯದೇ ಹೋದ ಗಾಳೀಲಿರೋ ಆಕ್ಸಿಜನ್ ನೋಡಿ ಸೆನ್ಸರ್ ಅದನ್ನ ಲೀನ್ ಅನ್ನುತ್ತೆ, ಪೆಟ್ರೋಲ್ ಬೇಕಾದಷ್ಟಿದ್ರೂ. ಸ್ಪಾರ್ಕ್ ಪ್ಲಗ್ ಗ್ಯಾಪ್ 0.8ರಿಂದ 0.6 ಮಿಲಿಮೀಟರ್‌ಗೆ ಇಳಿಸಿದೆ, ನಿಂತೋಯ್ತು.

ಈಗ ಕ್ಲಚ್. ಸ್ನೋಮೊಬೈಲ್‌ನಲ್ಲಿ ಬದಲಿಸೋ ಗೇರ್ ಅಂತ ಇಲ್ವಲ್ಲ, ಬೆಲ್ಟ್‌ನಿಂದ ಸೇರಿದ ಎರಡು ಕ್ಲಚ್ ಇರುತ್ತೆ, ಎಂಜಿನ್ ಯಾವ ಆರ್‌ಪಿಎಂನಲ್ಲಿ ಕೂರಬೇಕು ಅಂತ ತೀರ್ಮಾನ ಮಾಡೋದೇ ಪ್ರೈಮರಿ ಕ್ಲಚ್ ಒಳಗಿರೋ ವೆಯ್ಟು, ಸ್ಪ್ರಿಂಗು, ಆ ಕಡೆ ಸೆಕೆಂಡರೀಲಿ ಹೆಲಿಕ್ಸು (ಓರೆ ಜಾಡಿನ ಭಾಗ). ಪವರ್ ಜಾಸ್ತಿ ಆದ್ರೆ ಹಳೇ ವೆಯ್ಟ್ ಅದನ್ನ ಹಿಡಿಯಲ್ಲ, ಆರ್‌ಪಿಎಂ 8600ರಲ್ಲಿ ನಿಲ್ಲೋ ಬದಲು ನೇರ ಲಿಮಿಟರ್‌ಗೆ (ಆರ್‌ಪಿಎಂ ಮಿತಿ ಮೀರದ ಹಾಗೆ ಕಟ್ ಮಾಡೋದಕ್ಕೆ) ಹೋಗಿ ಬಡಿಯುತ್ತೆ, ಲಿಮಿಟರ್ ಕಟ್ ಮಾಡಿದಾಗ ಲಾಗಲ್ಲಿ ಇನ್ನೊಂದು ಸುಳ್ಳು ಲೀನ್. ಕ್ಲಚ್ ಸರಿ ಇಲ್ಲದೇ ಇರೋ ಗಾಡಿ ಲಾಗ್ ನೋಡ್ಕೊಂಡು ಪೆಟ್ರೋಲ್ ಟ್ಯೂನ್ ಮಾಡೋದು ಟೈಮ್ ವೇಸ್ಟ್, ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ನಾನು ಕೇಳ್ತಿದ್ನೋ ಇಲ್ವೋ ಬೇರೆ ಮಾತು. ವೆಯ್ಟ್‌ನ ತುದೀಲಿ ಭಾರ ಹಾಕಿದ್ರೆ ಮೇಲಿನ ಆರ್‌ಪಿಎಂ ಇಳಿಯುತ್ತೆ, ಬುಡದಲ್ಲಿ ಹಾಕಿದ್ರೆ ಶುರುವಿನ ಎಳೆತ ಬದಲಾಗುತ್ತೆ. ಸಣ್ಣ ಸಣ್ಣ ರಿವೆಟ್ ಹಾಕಿ, ಕೆರೆ ಮೇಲೆ ಒಂದು ರನ್, ಮತ್ತೆ ಬಿಚ್ಚು, ಮತ್ತೆ ಹಾಕು, ಗ್ಲೌಸ್ ತೆಗೆದ್ರೆ ಬೆರಳು ಮರಗಟ್ಟುತ್ತೆ, ಹಾಕ್ಕೊಂಡ್ರೆ ರಿವೆಟ್ ಹಿಮದಲ್ಲಿ ಬಿದ್ದೋಗುತ್ತೆ, ಹಾಗೆ ಬಿದ್ದ ಎರಡು ಇವತ್ತಿಗೂ ಆ ಕೆರೆ ತಳದಲ್ಲಿರಬೇಕು. ಪ್ರತೀ ರನ್ ಆದ್ಮೇಲೆ ಇನ್‌ಫ್ರಾರೆಡ್ ಗನ್‌ನಿಂದ ಎರಡೂ ಕ್ಲಚ್‌ನ ಬಿಸಿ ಅಳೀತಿದ್ದೆ. ಸೆಕೆಂಡರಿ ಕೈಯಿಡೋಕೆ ಆಗದಷ್ಟು ಬಿಸಿ ಅಂದ್ರೆ ಬೆಲ್ಟ್ ಜಾರ್ತಿದೆ, ನನ್ನ ಪವರ್ ಅಲ್ಲಿ ಸುಡ್ತಿದೆ ಅಂತರ್ಥ. ಗಟ್ಟಿ ಸ್ಪ್ರಿಂಗ್ ಹಾಕಿದ್ಮೇಲೆ ಅದು ಹತೋಟಿಗೆ ಬಂತು.

ಕೆರೆ ಮೇಲೆ ಎಲ್ಲಾ ಪರ್ಫೆಕ್ಟ್ ಅಂತ ಗುಡ್ಡಕ್ಕೆ ಹೋದೆ, ಅಲ್ಲಿ ಬೇರೇನೇ ಕಥೆ. ಕೆರೇಲಿ ಫುಲ್ ಥ್ರಾಟಲ್ ಏಳೆಂಟು ಸೆಕೆಂಡ್, ಆಳದ ಹಿಮದಲ್ಲಿ ಏರು ಹತ್ತುವಾಗ ಇಪ್ಪತ್ತು. ಇಂಟರ್‌ಕೂಲರ್ ಬಿಸಿ ಹೀರ್ಕೊಂಡು ಇನ್‌ಟೇಕ್ ಗಾಳಿ 60 ಡಿಗ್ರಿ ದಾಟ್ತು. ಬೂಸ್ಟಿರೋ ಜಾಗದಲ್ಲಿ ಕಿಡಿ ಹಾರೋ ಟೈಮಿಂಗ್ 2 ಡಿಗ್ರಿ ಹಿಂದಕ್ಕೆ ಎಳೆದು, ಹುಡ್‌ನಲ್ಲಿ ಗಾಳಿ ಬರೋಕೆ ಕಿಂಡಿ ಕೊರೆದೆ, ಕಿಂಡೀಲಿ ಹಿಮದ ಪುಡಿ ನುಗ್ಗಿ ಫಿಲ್ಟರ್ ಕಟ್ಕೊಳ್ತು, ಅದಕ್ಕೆ ಮೆಶ್. ಎತ್ತರದ್ದೂ ಒಂದು ಲೆಕ್ಕ ಇದೆ, ಗೇಜ್ ತೋರಿಸೋದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ಮಾತ್ರ, 3000 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡವೇ ಸುಮಾರು 0.7 ಬಾರ್, ಅಲ್ಲಿ 0.6 ಬೂಸ್ಟ್ ಅಂದ್ರೆ ಎಂಜಿನ್‌ಗೆ ಸಿಗೋದು 1.3, ಸಮುದ್ರಮಟ್ಟದಲ್ಲಿ ಅದೇ ಗೇಜ್‌ಗೆ 1.6. ಪವರ್ ಇಳಿದ್ರೆ ಆರ್‌ಪಿಎಂ ಇಳಿಯುತ್ತೆ, ಮೇಲೆ ಹೋದಾಗ ಕ್ಲಚ್ ವೆಯ್ಟ್ ಮತ್ತೆ ಕಡಿಮೆ ಮಾಡಬೇಕು.

ಕೊನೇ ಪಾಠ ಒಂದು ಬೆಳಗ್ಗೆ, ಮೈನಸ್ 25. ಟ್ಯೂನ್ ಮಾಡಿದ್ದೆಲ್ಲಾ ಮೈನಸ್ 5ರ ಆಸುಪಾಸಲ್ಲಿ, 11.6 ಇತ್ತು, ಅವತ್ತು 12.5. ಗಾಳಿ ಶೇ. 8 ದಟ್ಟ, ಲೀನ್ ಆಗಿದ್ದೂ ಅಷ್ಟೇ, ಅಂದ್ರೆ ಟೆಂಪರೇಚರ್ ಕರೆಕ್ಷನ್ ಕೆಲಸಾನೇ ಮಾಡ್ತಿಲ್ಲ. ನೋಡಿದ್ರೆ ಸೆನ್ಸರ್‌ನ ನಾನೇ ಹುಡ್ ಒಳಗೆ ಟರ್ಬೋ ಪಕ್ಕ ನೇತಾಡೋಕೆ ಬಿಟ್ಟಿದ್ದೆ, ಅದು ಪಾಪ ಅಲ್ಲೇ ಬೆಚ್ಚಗೆ ಕೂತಿತ್ತು. ಇಂಟರ್‌ಕೂಲರ್ ಆದ್ಮೇಲಿನ ಪೈಪ್‌ಗೆ ಸಾಗಿಸಿದೆ.

ಸೀಸನ್ ಮುಗಿಯೋ ಹೊತ್ತಿಗೆ ನಾಲ್ಕು ರನ್ ಹಿಂದೆಹಿಂದೆ ಮಾಡಿದ್ರೂ 11.7, ಆರ್‌ಪಿಎಂ 8550ರಿಂದ 8650ರ ಒಳಗೆ. ಪ್ಲಗ್ ಬಿಚ್ಚಿ ನೋಡಿದ್ರೆ ಬಿಳೀ ಪಿಂಗಾಣಿ ಮೇಲೆ ಅಲ್ಯುಮಿನಿಯಂ ಚುಕ್ಕೆ ಒಂದೂ ಇಲ್ಲ, ಡಿಟೋನೇಶನ್ (ಪೆಟ್ರೋಲ್-ಗಾಳಿ ತಾನಾಗೇ ಸಿಡಿಯೋದು) ಇಲ್ಲ ಅಂತ ಅದರಿಂದಾನೇ ಸಮಾಧಾನ. ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರೋ ಸಮಯದ ಪಾಲು) ಆಗ್ಲೇ 84 ಪರ್ಸೆಂಟ್, ಇನ್ನು ದೊಡ್ಡ ಇಂಜೆಕ್ಟರ್ ಹಾಕದೇ ಬೂಸ್ಟ್ ಏರಿಸೋ ಹಾಗಿಲ್ಲ. 0.8 ಬಾರ್ ಸ್ಪ್ರಿಂಗ್ ಒಂದಿದೆ, ಮುಟ್ಟಬಾರದು ಅಂತ ಡಬ್ಬೀಲಿ ಹಾಕಿ ಗ್ಯಾರೇಜ್ ಶೆಲ್ಫ್ ಮೇಲೆ ಇಟ್ಟಿದೀನಿ, ಶೆಲ್ಫ್ ಅಷ್ಟೇನೂ ಎತ್ತರ ಇಲ್ಲ.